ಕಾಳಮ್ಮನ ಮುದ್ದೆ, ಬೂಂದಿಯ ಉಪವಾಸ

ವರ್ಗಾವಣೆಯ ಆದೇಶ ಬಂದ ಮನೆಯ ಗದ್ದಲ ಹೇಗಿರುತ್ತದೆ ಎಂದು ಬ್ಯಾಂಕಿನವರ ಸಂಸಾರ ಕಂಡವರಿಗೆಲ್ಲ ಗೊತ್ತು. ಅಟ್ಟದ ಮೇಲಿನ ರಟ್ಟಿನ ಪೆಟ್ಟಿಗೆಗಳು ಕೆಳಗಿಳಿಯುತ್ತವೆ. ಹಾಲಿನವನಿಗೆ ಹೇಳಬೇಕು, ಗ್ಯಾಸಿನವನಿಗೆ ಹೇಳಬೇಕು, ಸ್ಕೂಲಿನಲ್ಲಿ ಟಿ.ಸಿ. ಕೇಳಬೇಕು. ಮಂಚಕ್ಕೆ, ಮಿಕ್ಸಿಗೆ, ದೇವರ ಮಂಟಪಕ್ಕೆ, ಕಾಲು ಮುರಿದ ಸ್ಟೂಲಿಗೆ ಕೂಡ ಲಾರಿಯಲ್ಲಿ ಜಾಗ ಸಿಗುತ್ತದೆ. ಜಾಗ ಸಿಗದೆ ಉಳಿಯುವುದು ಒಂದೇ. ಅದು ಬಾಗಿಲ ಹತ್ತಿರ ನಿಂತು ಬಾಲ ಅಲ್ಲಾಡಿಸುತ್ತಿರುತ್ತದೆ.

ಉಮಾಪತಿಯ ಮನೆಯಲ್ಲೂ ಹಾಗೇ ಆಯಿತು. ಉಮಾಪತಿ ಅರಸೀಕೆರೆ ಕಡೆಯವನು, ಬ್ಯಾಂಕಿನಲ್ಲಿ ಆಫೀಸರು. ವಿಶಾಖಪಟ್ಟಣದ ಎಂವಿಪಿ ಕಾಲೋನಿಯ ಅಪಾರ್ಟ್‌ಮೆಂಟಿನಲ್ಲಿ ಹೆಂಡತಿ ಕಮಲಾ, ಮಗಳು ತನುಶ್ರೀ, ತಾಯಿ ಕಾಳಮ್ಮ, ಮತ್ತು ಬೂಂದಿ ಎಂಬ ಹೆಣ್ಣು ನಾಯಿಯೊಂದಿಗೆ ಇದ್ದ. ಈಗ ವಿಜಯವಾಡಕ್ಕೆ ಹೊರಡಬೇಕು. ಅಲ್ಲಿ ಮನೆ ಗೊತ್ತುಮಾಡಿದ್ದ ಸಹೋದ್ಯೋಗಿ ಫಣಿ ಫೋನಿನಲ್ಲಿ ಹೇಳಿದ.

"ಬೆಂಜ್ ಸರ್ಕಲ್ ಹತ್ತಿರಾನೇ ಸಾರ್, ನಾಲ್ಕನೇ ಮಹಡಿ. ಬ್ಯಾಂಕಿಗೆ ನಡ್ಕೊಂಡೇ ಹೋಗಬಹುದು. ಒಂದೇ ಒಂದು ಮಾತು, ಓನರಿಗೆ ನಾಯಿ ಆಗಲ್ಲವಂತೆ."

ಉಮಾಪತಿ ಫೋನಿಟ್ಟು ಎಲ್ಲರ ಮುಖ ನೋಡಿದ. ತನುಶ್ರೀ ಆಗಲೇ ಬೂಂದಿಯ ಕುತ್ತಿಗೆ ತಬ್ಬಿಕೊಂಡು ಕೂತಿದ್ದಳು.

"ಬೂಂದಿ ಇಲ್ಲದೆ ನಾನು ಬರಲ್ಲ, ಅಂತೇ!" ಎಂದಳು. ಅಂತೇ ಎಂದರೆ ಅಷ್ಟೇ. ಆ ಹುಡುಗಿಯ ಕನ್ನಡದ ಕೊನೆಗೆ ಯಾವಾಗಲೂ ಒಂದು ತೆಲುಗು ಮಾತು ಅಂಟಿಕೊಂಡಿರುತ್ತಿತ್ತು.

"ಅತ್ತೆ, ನೀವೇನಂತೀರಿ?" ಎಂದು ಕಮಲಾ ಕೇಳಿದಳು.

ಕಾಳಮ್ಮ ಸೊಪ್ಪು ಬಿಡಿಸುತ್ತಿದ್ದವರು ತಲೆ ಎತ್ತಲಿಲ್ಲ. "ನನ್ನ ಯಾಕೆ ಕೇಳ್ತೀಯವ್ವ? ನಾಯಿ ನಂದಾ? ನಾಯಿಗೋಸ್ಕರ ಯಾರಾದ್ರೂ ಗಾಳಿ ಬೆಳಕಿರೋ ಮನೆ ಬಿಡ್ತಾರಾ? ಯಾರಿಗಾದ್ರೂ ಕೊಟ್ರಾಯ್ತು. ಎಲ್ಲಿ ಹಾಕಿದ್ರೂ ಬದುಕ್ತದೆ, ನಾಯಿ ಅಲ್ವಾ."

ಬೂಂದಿ ಎದ್ದು ಬಂದು ಅವರ ಸೊಪ್ಪಿನ ಮೊರದ ಪಕ್ಕದಲ್ಲಿ ಮಲಗಿತು. "ಥೂ, ಅತ್ತಗೋಗು," ಎಂದರು ಕಾಳಮ್ಮ. ಅದು ಹೋಗಲಿಲ್ಲ. ಅವರೂ ಎರಡನೇ ಸಲ ಹೇಳಲಿಲ್ಲ.

ಬೂಂದಿ ಆ ಮನೆಗೆ ಬಂದದ್ದು ತನುಶ್ರೀಯ ಸ್ಕೂಲ್ ಬ್ಯಾಗಿನ ಒಳಗೆ. ಕೋಚಿಂಗ್ ಸೆಂಟರಿನ ಸ್ಕೂಟರುಗಳ ನಡುವೆ ನಡುಗುತ್ತಿದ್ದ ಮರಿ, ಮೈಮೇಲೆಲ್ಲ ಹಳದಿ ಚುಕ್ಕೆ. ಅದಕ್ಕೇ ಬೂಂದಿ ಎಂಬ ಹೆಸರು. ಅಂದು ಕಾಳಮ್ಮ ಮಾಡಿದ ರಂಪ ಇಡೀ ಮಹಡಿಗೇ ಕೇಳಿಸಿತ್ತು. "ಅಡುಗೆಮನೆ ಹೊಸ್ತಿಲು ದಾಟಿದ್ರೆ ಅದಿರಬೇಕು, ಇಲ್ಲ ನಾನಿರಬೇಕು. ನಾನಂತೂ ಅದನ್ನ ಮುಟ್ಟಲ್ಲ!" ಎಂದಿದ್ದರು. ಆ ಮಾತನ್ನು ಮನೆಯವರೆಲ್ಲ ನಂಬಿದ್ದರು.

ಆದರೆ ಹಗಲಿನ ಮನೆಯೇ ಬೇರೆ. ಉಮಾಪತಿ ಬ್ಯಾಂಕಿಗೆ, ಕಮಲಾ ಔಷಧದ ಕಂಪನಿಗೆ, ತನುಶ್ರೀ ಸ್ಕೂಲಿಗೆ ಹೋದ ಮೇಲೆ ಮನೆಯಲ್ಲಿ ಉಳಿಯುತ್ತಿದ್ದವರು ಇಬ್ಬರೇ. ಕಾಳಮ್ಮನಿಗೆ ತೆಲುಗು ಬಾರದು. ತರಕಾರಿಯವನ ಹತ್ತಿರ ಬೆರಳಿನಲ್ಲೇ ವ್ಯವಹಾರ. ಟಿ.ವಿ. ಹಾಕಿದರೆ ಅದೂ ತೆಲುಗು. ಹೀಗಾಗಿ ಅವರು ಬೂಂದಿಯನ್ನು ಬೈಯುವುದಕ್ಕೆ ಶುರುಮಾಡಿದರು. ಮೊದಲು ಬೈಗುಳ, ಆಮೇಲೆ ಮಾತು. ಊರಿನ ನಾದಿನಿಯ ಕೊಂಕು, ಮಂಡಿನೋವು, ತೀರಿಹೋದ ಗಂಡ ಸಂತೆಯಿಂದ ಬಳೆ ತಂದದ್ದು, ಎಲ್ಲವನ್ನೂ ಬೂಂದಿ ಕಿವಿ ನಿಮಿರಿಸಿಕೊಂಡು ಕೇಳಿತು. ಆ ಊರಿನಲ್ಲಿ ಕಾಳಮ್ಮನ ಮಾತನ್ನು ಪೂರ್ತಿ ಕೇಳುತ್ತಿದ್ದದ್ದು ಅದೊಂದೇ ಜೀವ.

ಮಧ್ಯಾಹ್ನ ಕಾಳಮ್ಮ ತಮಗೊಬ್ಬರಿಗೇ ಎಂದು ಮುದ್ದೆ ತೊಳಸುತ್ತಿದ್ದರು. ವಿಶಾಖಪಟ್ಟಣದಲ್ಲಿ ರಾಗಿಗೆ ಚೋಡಿ ಎನ್ನುತ್ತಾರೆ. ಹೆಸರು ಏನಾದರೇನು, ಮುದ್ದೆ ಮುದ್ದೆಯೇ. ಮರಿಯಾಗಿದ್ದಾಗ ಬೂಂದಿ ಒಮ್ಮೆ ತಟ್ಟೆಗೆ ಬಾಯಿ ಹಾಕಿ, ಬಿಸಿಗೆ ನಾಲಿಗೆ ಸುಟ್ಟುಕೊಂಡು, ಮನೆಯೆಲ್ಲ ಕುಂಯ್‌ಗುಟ್ಟಿ ಓಡಾಡಿತ್ತು. ಅವತ್ತು ಕಾಳಮ್ಮ ಅದನ್ನು ಮಡಿಲಲ್ಲಿ ಹಾಕಿಕೊಂಡು ನಾಲಿಗೆಗೆ ತಣ್ಣನೆ ಮಜ್ಜಿಗೆ ಬಿಟ್ಟಿದ್ದರು. ಆಮೇಲಿಂದ ಒಂದು ಪದ್ಧತಿಯೇ ಆಯಿತು. ಮೊದಲ ತುತ್ತು ಕಣ್ಣಿಗೊತ್ತಿಕೊಂಡು ಅವರು ನುಂಗಬೇಕು. ಎರಡನೇ ತುಂಡು ಮುರಿದು, ಊದಿ ಆರಿಸಿ, ಅದರ ತಟ್ಟೆಯಲ್ಲಿಟ್ಟು, "ಹ್ಞೂಂ, ಉಣ್ಣು," ಎನ್ನಬೇಕು. ಅದುವರೆಗೂ ಬೂಂದಿ ಮುಂಗಾಲು ಜೋಡಿಸಿಕೊಂಡು, ಜೊಲ್ಲು ಸುರಿದರೂ ಅಲುಗದೆ ಕೂತಿರುತ್ತಿತ್ತು.

ಸಂಜೆ ಮನೆಯವರು ಬರುವಷ್ಟರಲ್ಲಿ ತಟ್ಟೆ ತೊಳೆದು ಬೋರಲು ಹಾಕಿ ಆಗಿರುತ್ತಿತ್ತು. ಅಂಗಡಿಯಿಂದ ತಂದ ಕಾಳುಕಾಳಿನ ತಿಂಡಿಯನ್ನು ತನುಶ್ರೀ ಬಟ್ಟಲಿಗೆ ಹಾಕಿದರೆ ಬೂಂದಿ ಶಾಸ್ತ್ರಕ್ಕೆ ನಾಲ್ಕು ಕಾಳು ಮೆಲ್ಲುತ್ತಿತ್ತು. "ಏನಮ್ಮ, ಇಷ್ಟು ಕಡಿಮೆ ತಿಂದ್ರೂ ಹೇಗೆ ದಪ್ಪಗಿದೆ!" ಎಂದು ಉಮಾಪತಿ ಆಶ್ಚರ್ಯಪಡುತ್ತಿದ್ದ. ಕಾಳಮ್ಮ ಜಪಮಣಿ ಜೋರಾಗಿ ತಿರುಗಿಸುತ್ತಿದ್ದರು.

ಎದುರುಮನೆಯಲ್ಲಿ ಲಕ್ಷ್ಮೀಪ್ರಸನ್ನ ಇದ್ದರು. ಸರ್ಕಾರಿ ಪಶು ಆಸ್ಪತ್ರೆಯಲ್ಲಿ ಡಾಕ್ಟರು. ತೆಲುಗಿನವರೇ, ಆದರೆ ಓದಿದ್ದು ಬೀದರಿನಲ್ಲಿ. ಅವರ ಕನ್ನಡ ಕೇಳಿದಾಗಲೆಲ್ಲ ಕಾಳಮ್ಮ, "ನಿನ್ನ ಮಾತು ಕೇಳಿದ್ರೆ ಜೋಳದ ರೊಟ್ಟಿ ಕಡಿದಂಗಾಯ್ತದೆ ಕಣವ್ವ," ಎಂದು ನಗುತ್ತಿದ್ದರು. ಬೂಂದಿಗೆ ಹುಚ್ಚುನಾಯಿ ರೋಗದ ಲಸಿಕೆ, ಮರಿ ಆಗದ ಹಾಗೆ ಆಪರೇಷನ್, ಎಲ್ಲವನ್ನೂ ಮಾಡಿದವರು ಅವರೇ. ವಿಷಯ ತಿಳಿದು ಬಂದು ಕೂತರು.

"ಬಿಟ್ಟು ಹೋಗ್ಬ್ಯಾಡ್ರೀ ಉಮಾಪತಿ ಅವ್ರೇ. ನಾಯಿ ಅಂದ್ರ ಮನಿ ಕಾಯೋ ಸಾಮಾನಲ್ಲ. ಅದು ಮನಿಗಿ ಅಂಟ್ಕೋಳ್ಳೋದಿಲ್ಲ, ಮಂದಿಗಿ ಅಂಟ್ಕೋತದ."

"ಓನರ್ ಒಪ್ಪಲ್ಲ ಅಂತಾರಲ್ಲ ಡಾಕ್ಟ್ರೇ?"

"ಆ ಓನರ್ ಒಪ್ಪದಿದ್ರ ಒಪ್ಪೋ ಓನರನ್ನ ಹುಡುಕ್ರಿ. ಅಪಾರ್ಟ್‌ಮೆಂಟಿನ ಸಂಘದವ್ರು ಬ್ಯಾಡ ಅಂದ್ರ ಮಾತ್ರ ಅಂಜಬ್ಯಾಡ್ರಿ. ನಾಯಿ ಸಾಕಲೇಬಾರದು ಅಂತ ಸಂಘದವ್ರು ಕಟ್ಟಳಿ ಮಾಡೋಹಾಂಗಿಲ್ಲ, ಪ್ರಾಣಿ ಕಲ್ಯಾಣ ಮಂಡಳಿನೇ ಹೇಳ್ಯದ. ನಾವು ಹೊಲಸು ತೆಗೀಬೇಕು, ಬೆಲ್ಟ್ ಹಾಕಿ ತಿರುಗಿಸ್ಬೇಕು, ಲಸಿಕಿ ಹಾಕಿಸ್ಬೇಕು. ಅಷ್ಟೇ."

"ಅಯ್ಯೋ, ಒಂದು ನಾಯಿಗೆ ಎಷ್ಟು ಪಂಚಾಯ್ತಿ!" ಎಂದರು ಕಾಳಮ್ಮ. "ಎರಡು ದಿನ ಊಳಿಡ್ತದೆ, ಮೂರನೇ ದಿನ ಅನ್ನ ಹಾಕಿದೋರ ಹಿಂದೆ ಹೋಯ್ತದೆ."

"ಹಂಗಂತ ನಿಮಗ ಯಾರು ಹೇಳ್ಯಾರಮ್ಮಾ?"

"ಯಾರು ಹೇಳ್ಬೇಕು? ನಾನು ಕಂಡಿಲ್ವಾ?"

ಲಕ್ಷ್ಮೀಪ್ರಸನ್ನ ವಾದ ಬೆಳೆಸಲಿಲ್ಲ. "ಆಯ್ತು. ಕೊಡೋದೇ ಆದ್ರ ಒಂದು ಕೆಲಸ ಮಾಡ್ರಿ. ಅದು ಹೆಂಗ ಉಣ್ತದ, ಎಲ್ಲಿ ಮಲಗ್ತದ, ಯಾವುದಕ್ಕ ಅಂಜ್ತದ, ಎಲ್ಲಾನೂ ತಗೊಳ್ಳೋರಿಗಿ ಬಾಯಿಬಿಟ್ಟು ಹೇಳ್ರಿ. ಅದು ಮಲಗೋ ಅರಿವಿ ಒಗೀದೇ ಕೊಡ್ರಿ. ನಾಕು ದಿನ ಜೊತಿಗಿದ್ದು ಕೈ ಬದಲು ಮಾಡ್ರಿ. ಒಮ್ಮಿಂದೊಮ್ಮಿಗೆ ಬಿಟ್ಟು ಬರಬ್ಯಾಡ್ರಿ."

ಎಲ್ಲರೂ ತಲೆಯಾಡಿಸಿದರು. ಆದರೆ ಲಾರಿ ಬರುವ ದಿನ ಹತ್ತಿರವಾದಂತೆ ಆ ಮಾತು ಪೆಟ್ಟಿಗೆಗಳ ಕೆಳಗೆ ಎಲ್ಲೋ ಸೇರಿಹೋಯಿತು.

ಬ್ಯಾಂಕಿನಲ್ಲಿ ಅಟೆಂಡರ್ ಆಗಿದ್ದು ನಿವೃತ್ತರಾದ ಈಶ್ವರಯ್ಯ ವಿಶಾಖಪಟ್ಟಣಕ್ಕೆ ಹತ್ತಿರದ ಭೀಮುನಿಪಟ್ಟಣದಲ್ಲಿದ್ದರು. ಸಮುದ್ರದ ಹತ್ತಿರ ಮನೆ, ದೊಡ್ಡ ಅಂಗಳ, ಬೇವಿನ ಮರ. ಈಶ್ವರಯ್ಯ, ಅವರ ಹೆಂಡತಿ ಸಾಯಿಲಕ್ಷ್ಮಿ ಇಬ್ಬರೂ ತುಂಬ ಒಳ್ಳೆಯವರು. "ಮಾ ಇಂಟ್ಲೋ ಉಂಟುಂದಿ ಸಾರ್, ನಮ್ಮನೇಲೇ ಇರ್ತದೆ, ನಮ್ಮ ಮಗುವಿನ ಥರಾ ನೋಡ್ತೀವಿ," ಎಂದು ಅವರೇ ಮುಂದೆ ಬಂದರು. ಇದಕ್ಕಿಂತ ಒಳ್ಳೆಯ ಜಾಗ ಸಿಗುವುದಿಲ್ಲ ಎಂದು ಉಮಾಪತಿಗೆ ಸಮಾಧಾನವಾಯಿತು.

ಬೂಂದಿಯನ್ನು ಅಲ್ಲಿಗೆ ಬಿಡಲು ಹೋಗುವ ಹಿಂದಿನ ದಿನ ಕಾಳಮ್ಮ ಅದು ಮಲಗುತ್ತಿದ್ದ ತಮ್ಮ ಹಳೆಯ ನೂಲಿನ ಸೀರೆಯನ್ನು ಸೋಪು ಹಾಕಿ ಚೆನ್ನಾಗಿ ಕುಕ್ಕಿ ಒಗೆದು, ಬಿಸಿಲಿಗೆ ಹರವಿದರು.

"ಡಾಕ್ಟ್ರು ಒಗೀಬೇಡಿ ಅಂದಿದ್ರು ಅತ್ತೆ," ಎಂದಳು ಕಮಲಾ.

"ಇನ್ನೊಬ್ಬರ ಮನೆಗೆ ಕೊಳೆ ಬಟ್ಟೆ ಕಳಿಸೋಕಾಯ್ತದಾ? ಅರಸೀಕೆರೆಯೋರು ಗಲೀಜು ಅಂದ್ಕೊಳಲ್ವಾ?"

ಸೀರೆ ಮಲ್ಲಿಗೆಯಂತೆ ಬೆಳ್ಳಗಾಯಿತು. ಅದರಲ್ಲಿದ್ದ ಕಾಳಮ್ಮನ ವಾಸನೆ ಬಚ್ಚಲಿನಲ್ಲಿ ಹರಿದುಹೋಯಿತು.

ಭೀಮುನಿಪಟ್ಟಣದಲ್ಲಿ ತನುಶ್ರೀ ಅಳುತ್ತಲೇ ಸಾಯಿಲಕ್ಷ್ಮಿಗೆ ಎಲ್ಲವನ್ನೂ ತೆಲುಗಿನಲ್ಲಿ ವಿವರಿಸಿದಳು. ಬೆಳಿಗ್ಗೆ ಒಂದು ಬಟ್ಟಲು, ಸಂಜೆ ಒಂದು ಬಟ್ಟಲು. ಪಟಾಕಿಗೆ ಹೆದರುತ್ತದೆ. ಬೆಲ್ಟು ಇಲ್ಲಿದೆ, ಲಸಿಕೆಯ ಕಾರ್ಡು ಇಲ್ಲಿದೆ. ಮಧ್ಯಾಹ್ನದ ಮುದ್ದೆಯ ವಿಷಯ ಅವಳಿಗೇ ಗೊತ್ತಿಲ್ಲ, ಹೇಳುವುದೇನು? ಕಾಳಮ್ಮ ಕಾರಿನಲ್ಲೇ ಕೂತಿದ್ದರು. ಇಳಿದು ಹೇಳಬೇಕು ಎಂದು ಬಾಗಿಲಿನ ಮೇಲೆ ಕೈಯಿಟ್ಟರು. ಮುಟ್ಟಲ್ಲ ಎಂದು ಅಷ್ಟು ರಂಪ ಮಾಡಿದವಳು ದಿನಾ ಅದಕ್ಕೆ ಊದಿ ಊದಿ ತುತ್ತಿಡುತ್ತಿದ್ದೆ ಎಂದು ಸೊಸೆಯ ಮುಂದೆ ಹೇಗೆ ಹೇಳುವುದು? ಬಾಗಿಲಿನಿಂದ ಕೈ ತೆಗೆದರು.

ಕಾರು ಹೊರಟಾಗ ಬೂಂದಿ ಬೊಗಳಲಿಲ್ಲ, ಓಡಿ ಬರಲಿಲ್ಲ. ಗೇಟಿನ ಒಳಗೆ ಮುಂಗಾಲು ಜೋಡಿಸಿಕೊಂಡು ಕೂತುಬಿಟ್ಟಿತು. ಮುದ್ದೆಗೆ ಕಾಯುವಾಗ ಕೂರುತ್ತಿದ್ದ ಹಾಗೆಯೇ. ಅದು ಕಾಳಮ್ಮನಿಗೆ ಮಾತ್ರ ಗೊತ್ತಾಯಿತು.

ವಿಜಯವಾಡದ ನಾಲ್ಕನೇ ಮಹಡಿಯಲ್ಲಿ ಗಾಳಿ ಬೆಳಕು ಬೇಕಾದಷ್ಟಿತ್ತು. ಕೆಳಗೆ ಬೆಂಜ್ ಸರ್ಕಲಿನ ಹಾರನ್ ಸದ್ದು ಹಗಲೆಲ್ಲ ಕೇಳುತ್ತಿತ್ತು. ಮಧ್ಯಾಹ್ನ ಕಾಳಮ್ಮ ಮುದ್ದೆ ತೊಳಸಿದರು. ಮೊದಲ ತುತ್ತು ನುಂಗಿದರು. ಎರಡನೇ ತುಂಡು ಮುರಿದು, ಊದಿ, ಪಕ್ಕಕ್ಕೆ ಕೈ ಚಾಚಿದರು. ಅಲ್ಲಿ ಬರಿಯ ನೆಲ. ಆ ತುಂಡನ್ನು ಎಲ್ಲಿಡಬೇಕೆಂದು ತಿಳಿಯದೆ ತುಂಬ ಹೊತ್ತು ಕೈಯಲ್ಲೇ ಹಿಡಿದುಕೊಂಡಿದ್ದರು. ಮರುದಿನದಿಂದ ಮುದ್ದೆ ಮಾಡುವುದನ್ನೇ ಬಿಟ್ಟು, ಬೆಳಗಿನ ಉಪ್ಪಿಟ್ಟು ತಿಂದು ಮಲಗತೊಡಗಿದರು.

ಆ ವಾರವೇ ಭೀಮುನಿಪಟ್ಟಣದಿಂದ ಫೋನು ಬಂತು. ಬೂಂದಿ ಏನನ್ನೂ ತಿನ್ನುತ್ತಿಲ್ಲ. ಅಂಗಡಿಯ ತಿಂಡಿ ಹಾಗೇ ಇದೆ. ಸಾಯಿಲಕ್ಷ್ಮಿ ಅನ್ನ ಮೊಸರು ಕಲಸಿಟ್ಟರು, ಬೇಡ. ಮೊಟ್ಟೆ, ಬೇಡ. ಕೊನೆಗೆ ಒಳ್ಳೆಯ ವಂಜರಂ ಮೀನು ಬೇಯಿಸಿ, ಮುಳ್ಳು ತೆಗೆದು ಇಟ್ಟರಂತೆ. ಭೀಮುನಿಪಟ್ಟಣದ ಬೆಕ್ಕುಗಳೆಲ್ಲ ಬಂದು ಗೋಡೆಯ ಮೇಲೆ ಸಾಲಾಗಿ ಕೂತವು. ಬೂಂದಿ ಮಾತ್ರ ತಟ್ಟೆಯ ಮುಂದೆ ಮುಂಗಾಲು ಜೋಡಿಸಿ ಕೂತು, ಯಾರದೋ ದಾರಿ ನೋಡುತ್ತಿತ್ತು. ಈಗೀಗ ಕೂರಲೂ ಆಗದೆ ಮಲಗಿಬಿಟ್ಟಿದೆ.

ಉಮಾಪತಿ ಲಕ್ಷ್ಮೀಪ್ರಸನ್ನ ಅವರಿಗೆ ಹೇಳಿದ. ಅವರು ಆಸ್ಪತ್ರೆ ಮುಗಿಸಿ ಸಮುದ್ರದ ರಸ್ತೆ ಹಿಡಿದು ಭೀಮುನಿಪಟ್ಟಣಕ್ಕೆ ಹೋದರು. ಪರೀಕ್ಷೆ ಮಾಡಿ, ರಕ್ತ ತೆಗೆದು, ಗ್ಲೂಕೋಸ್ ಹಾಕಿದರು. ಮಾರನೆಯ ಸಂಜೆ ಮತ್ತೆ ಹೋಗಿ ಅಲ್ಲಿಂದಲೇ ವಿಡಿಯೋ ಕಾಲ್ ಮಾಡಿದರು. ಎಲ್ಲರೂ ಫೋನಿನ ಸುತ್ತ ಸೇರಿದರು. ಪಕ್ಕೆಲುಬು ಕಾಣುತ್ತಿದ್ದ ಬೂಂದಿಯನ್ನು ನೋಡಿ ತನುಶ್ರೀ ಬಾಯಿಗೆ ದುಪಟ್ಟಾ ಒತ್ತಿಕೊಂಡಳು.

"ರಕ್ತದಾಗ ಏನೂ ದೋಷಿಲ್ಲ, ಜ್ವರಿಲ್ಲ," ಎಂದರು ಲಕ್ಷ್ಮೀಪ್ರಸನ್ನ. "ಇದು ರೋಗಲ್ಲ. ಊಟದ ತಟ್ಟಿ ಇಟ್ರ ಅದು ತಟ್ಟಿ ಕಡಿಗಿ ನೋಡೋದಿಲ್ಲ, ಇಟ್ಟೋರ ಮಾರಿ ನೋಡ್ತದ. ಏನೋ ಕಾಯ್ತದ. ಗ್ಲೂಕೋಸ್ ಮ್ಯಾಲ ಎಷ್ಟು ದಿನ ಇಡ್ಲಿ? ನಿಮ್ಮನ್ಯಾಗ ಇದಕ್ಕ ಉಣ್ಸೋರು ಯಾರು? ಹೆಂಗ ಉಣ್ಸ್ತಿದ್ರಿ?"

"ನಾನೇ ಆಂಟಿ," ಎಂದಳು ತನುಶ್ರೀ. "ಬಟ್ಟಲಿಗೆ ಹಾಕ್ತಿದ್ದೆ, ತಿಂತಿತ್ತು. ಅಷ್ಟೇ."

"ಮತ್ಯಾರೂ ಇಲ್ಲೇನು?"

ಕಾಳಮ್ಮ ಸೆರಗಿನ ತುದಿ ಬೆರಳಿಗೆ ಸುತ್ತುತ್ತಾ ಬಿಚ್ಚುತ್ತಾ ನಿಂತಿದ್ದರು. ಫೋನಿನ ಪರದೆಯಲ್ಲಿ ಬೂಂದಿಯ ಹೊಟ್ಟೆ ಮೆಲ್ಲಗೆ ಏರುತ್ತಿತ್ತು, ಇಳಿಯುತ್ತಿತ್ತು.

"ನಾನು," ಎಂದರು ಕಾಳಮ್ಮ.

"ಏನಂದೆ ಅಮ್ಮ?"

"ನಾನು ಕಣೋ! ಕಿವಿ ಕೇಳಕ್ಕಿಲ್ವಾ? ದಿನಾ ಮಧ್ಯಾಹ್ನ ಅದಕ್ಕೆ ಮುದ್ದೆ ಇಡ್ತಿದ್ದೋಳು ನಾನು. ಊದಿ ಆರಿಸಿ ಇಡ್ತಿದ್ದೆ. ನಾನು ಉಣ್ಣು ಅನ್ನೋಗಂಟ ಅದು ಮುಟ್ಟಕ್ಕಿಲ್ಲ. ನಾನೇ ಹಂಗೆ ಕಲಿಸಿದ್ದು." ಅವರು ಪರದೆಯ ಮೇಲಿನ ಬೂಂದಿಯತ್ತ ಬೆರಳು ತೋರಿಸಿದರು. "ಅದು ಈಗ್ಲೂ ನನ್ನ ಮಾತಿಗೇ ಕಾಯ್ತಾ ಕುಂತೈತೆ."

ಕಮಲಾ ಅತ್ತೆಯ ಹತ್ತಿರ ಬಂದಳು. ಆಮೇಲೆ ಮೆಲ್ಲಗೆ, "ಅದಕ್ಕೇನಾ ಅತ್ತೆ, ರಾಗಿಹಿಟ್ಟು ಅಷ್ಟು ಬೇಗ ಖಾಲಿ ಆಗ್ತಿದ್ದಿದ್ದು?" ಎಂದಳು. ಅಳುತ್ತಿದ್ದ ತನುಶ್ರೀಗೂ ನಗು ಬಂತು.

"ಫೋನಿನಾಗ ಒಮ್ಮಿ ಹೇಳಿ ನೋಡ್ರಿ ಅಮ್ಮಾ," ಎಂದರು ಲಕ್ಷ್ಮೀಪ್ರಸನ್ನ.

ಕಾಳಮ್ಮ ಫೋನನ್ನು ಎರಡೂ ಕೈಯಲ್ಲಿ ಹಿಡಿದು, "ಹ್ಞೂಂ, ಉಣ್ಣು ಮಗ," ಎಂದರು. ಬೂಂದಿಯ ಕಿವಿ ಎದ್ದಿತು. ಕಷ್ಟಪಟ್ಟು ಕಾಲೂರಿ ನಿಂತಿತು. ಫೋನನ್ನು ಮೂಸಿತು, ಫೋನಿನ ಹಿಂದೆ ನೋಡಿತು, ಡಾಕ್ಟರ ಬೆನ್ನ ಹಿಂದೆ ನೋಡಿತು. ತೂರಾಡಿಕೊಂಡು ಗೇಟಿನವರೆಗೂ ಹೋಗಿ ರಸ್ತೆ ನೋಡಿತು. ಅಲ್ಲೇ ಕುಸಿಯಿತು. ತಟ್ಟೆ ಹಾಗೇ ಉಳಿಯಿತು.

"ಉಮಾಪತಿ, ಕಾರು ತೆಗಿ," ಎಂದರು ಕಾಳಮ್ಮ.

"ಅಮ್ಮ, ನಾಳೆ ಆಡಿಟ್ ಇದೆ. ನೀನೇ ತಾನೆ ಎಲ್ಲಿ ಹಾಕಿದ್ರೂ ಬದುಕ್ತದೆ ಅಂದಿದ್ದು?"

"ಅಂದೆ. ನಾಯಿ ನಂದಲ್ಲ ಅಂತ್ಲೂ ಅಂದೆ. ಬಾಯಿ ಐತೆ ಅಂತ ಏನೇನೋ ಅಂದೆ. ನೀನು ಬರದಿದ್ರೆ ಬಸ್ಸಿಗೆ ಹೋಯ್ತೀನಿ. ತೆಲುಗು ಬರದಿದ್ರೆ ಏನು, ಬೆರಳೈತೆ."

ತಾಯಿ ಬಸ್ಸಿಗೆ ಹೋಗುವವರೇ ಎಂದು ಮಗನಿಗೆ ಗೊತ್ತಿತ್ತು. ಬ್ಯಾಂಕಿಗೆ ಹೇಳಿ ಒಂದು ದಿನದ ರಜೆ ಪಡೆದು, ನಸುಕಿನಲ್ಲೇ ಕಾರು ಹೊರಡಿಸಿದ. ದಾರಿಯುದ್ದಕ್ಕೂ ರಾಗಿಹಿಟ್ಟಿನ ಚೀಲ ಕಾಳಮ್ಮನ ಮಡಿಲಲ್ಲೇ ಇತ್ತು. ಗೋದಾವರಿಯ ಸೇತುವೆ ಬಂದಾಗ ಮಾತ್ರ ಕೈಮುಗಿದು, "ಅದೊಂದು ಉಣ್ಣಲಿ ತಾಯಿ," ಎಂದರು.

ಭೀಮುನಿಪಟ್ಟಣದ ಗೇಟಿನ ಹತ್ತಿರ ಕಾರು ನಿಂತಾಗ ಬೇವಿನ ನೆರಳಿನಲ್ಲಿ ಮಲಗಿದ್ದ ಬೂಂದಿ ತಲೆ ಎತ್ತಿತು. ಎದ್ದು ಓಡಿಬರುವ ಶಕ್ತಿ ಅದಕ್ಕಿರಲಿಲ್ಲ. ಬಾಲ ಮಾತ್ರ ನೆಲಕ್ಕೆ ಬಡಿಯತೊಡಗಿತು. ಮಂಡಿನೋವಿನ ಕಾಳಮ್ಮ ಹೇಗೆ ಇಳಿದರೋ, ಹೇಗೆ ಹೋಗಿ ಆ ಮಣ್ಣಿನಲ್ಲಿ ಕೂತರೋ! ಬೂಂದಿ ತಲೆಯನ್ನು ಅವರ ಮಡಿಲಲ್ಲಿಟ್ಟು, ಮಗು ಬಿಕ್ಕಿದ ಹಾಗೆ ಒಂದು ದನಿ ತೆಗೆಯಿತು.

"ಆಯ್ತು ಆಯ್ತು, ಬಂದ್ನಲ್ಲ. ಬೈಬೇಡ," ಎಂದರು ಕಾಳಮ್ಮ. ಅಂದು ಯಾರು ನೋಡುತ್ತಾರೆ, ಯಾರು ನಗುತ್ತಾರೆ ಎಂಬ ಯೋಚನೆಯೇ ಅವರಿಗೆ ಬರಲಿಲ್ಲ.

ಸಾಯಿಲಕ್ಷ್ಮಿಯ ಒಲೆಯ ಮೇಲೆ ಮುದ್ದೆ ಆಯಿತು. ಅಂಗಳದಲ್ಲೇ ತಟ್ಟೆ ಇಟ್ಟುಕೊಂಡು, ಎಲ್ಲರ ಎದುರಿಗೆ, ಕಾಳಮ್ಮ ಮೊದಲ ತುತ್ತು ಕಣ್ಣಿಗೊತ್ತಿಕೊಂಡು ನುಂಗಿದರು. ಎರಡನೆಯದನ್ನು ಮುರಿದರು. ಊದಿದರು. ಬೂಂದಿಯ ತಟ್ಟೆಯಲ್ಲಿಟ್ಟರು. ಅಷ್ಟು ಹಸಿದಿದ್ದರೂ ಬೂಂದಿ ಮುಂಗಾಲು ಜೋಡಿಸಿ ಅವರ ಮುಖವನ್ನೇ ನೋಡಿತು.

"ಹ್ಞೂಂ, ಉಣ್ಣು."

ಉಂಡಿತು. ತಟ್ಟೆಯನ್ನೂ ನೆಕ್ಕಿತು. ಸಾಯಿಲಕ್ಷ್ಮಿ ಸೆರಗಿನಿಂದ ಕಣ್ಣೊರೆಸಿಕೊಂಡು, "ಅಯ್ಯೋ ತಲ್ಲೀ, ಒಂದು ಮಾತು ಹೇಳಿ ಹೋಗಿದ್ರೆ ನಾನೂ ಹೀಗೇ ಇಡ್ತಿದ್ನಲ್ಲ," ಎಂದು ತೆಲುಗಿನಲ್ಲೇ ಹೇಳಿದರು. ಅದನ್ನು ಕಾಳಮ್ಮನಿಗೆ ಯಾರೂ ಕನ್ನಡಕ್ಕೆ ತಿರುಗಿಸಿ ಹೇಳಬೇಕಾಗಲಿಲ್ಲ.

ಅಷ್ಟರಲ್ಲಿ ಬಂದ ಲಕ್ಷ್ಮೀಪ್ರಸನ್ನ ಇನ್ನೊಂದು ತುಂಡು ಇಡಲು ಹೋದ ಕಾಳಮ್ಮನ ಕೈ ಹಿಡಿದರು. "ಸಾಕ್ರೀ ಅಮ್ಮಾ, ಉಪವಾಸಿದ್ದ ಹೊಟ್ಟಿ. ಸ್ವಲ್ಪ ಸ್ವಲ್ಪ, ಹಗಲಿಗಿ ನಾಕೈದು ಸಲ ಕೊಡ್ರಿ. ಮುದ್ದಿ ಒಂದೇ ಸಾಲ್ದು, ಮೊಟ್ಟಿನೂ ಬೇಕು. ಈರುಳ್ಳಿ ಬೆಳ್ಳುಳ್ಳಿ ಹಾಕಿದ ಸಾರು ಮಾತ್ರ ಬ್ಯಾಡ, ನಾಯಿಗಿ ಅದು ವಿಷ."

"ಸಾರು ನಾನೆಂದೂ ಹಾಕಿಲ್ಲವ್ವ. ಮಜ್ಜಿಗೆ ಅಷ್ಟೇ," ಎಂದರು ಕಾಳಮ್ಮ.

ಆ ನಾಲ್ಕನೇ ಮಹಡಿಗೆ ಬೂಂದಿಯನ್ನು ಕರೆದುಕೊಂಡು ಹೋಗುವ ಹಾಗಿರಲಿಲ್ಲ. ಕಾಳಮ್ಮ ಭೀಮುನಿಪಟ್ಟಣದಲ್ಲೇ ಉಳಿದರು. ಉಮಾಪತಿ ಒಬ್ಬನೇ ಹಿಂದಿರುಗಿದ.

ಅಲ್ಲಿ ಕಾಳಮ್ಮ ಡಾಕ್ಟರು ಹೇಳಿದ ಹಾಗೆ ಕೈ ಬದಲು ಮಾಡತೊಡಗಿದರು. ಮೊದಲು ಸಾಯಿಲಕ್ಷ್ಮಿಯನ್ನು ಪಕ್ಕದಲ್ಲಿ ಕೂರಿಸಿಕೊಂಡರು. ಆಮೇಲೆ ತುಂಡು ಮುರಿಯುವುದು ಸಾಯಿಲಕ್ಷ್ಮಿ, ಉಣ್ಣು ಎನ್ನುವುದು ಕಾಳಮ್ಮ. ಆಮೇಲೆ ಎರಡನ್ನೂ ಸಾಯಿಲಕ್ಷ್ಮಿಯೇ ಮಾಡಿದರು. ಬೂಂದಿ ಒಮ್ಮೆ ಕಾಳಮ್ಮನ ಮುಖ ನೋಡಿತು. ಅವರು ತಲೆಯಾಡಿಸಿದರು. ಅದು ಸಾಯಿಲಕ್ಷ್ಮಿಯ ತುತ್ತನ್ನೂ ಉಂಡಿತು. ಮರುದಿನ ಕಾಳಮ್ಮ ಒಳಕೋಣೆಯಲ್ಲಿ ಅಡಗಿ ಕೂತರು, ಆಗಲೂ ಉಂಡಿತು. ಈ ನಡುವೆ ಕಾಳಮ್ಮನಿಗೂ ನಾಲ್ಕು ತೆಲುಗು ಮಾತು ಬಂದವು. ನಿಮ್ಮದಕ್ಕೆ "ಮೀದಿ", ನಮ್ಮದಕ್ಕೆ "ಮಾದಿ", ನನ್ನದಕ್ಕೆ "ನಾದಿ" ಎನ್ನುತ್ತಾ ಇಬ್ಬರು ಹೆಂಗಸರೂ ಪಾತ್ರೆ, ಬಟ್ಟೆ ಹಂಚಿಕೊಳ್ಳುತ್ತಾ ನಗುತ್ತಿದ್ದರು.

ಭಾನುವಾರ ಉಮಾಪತಿ ಬಂದ. ಬೂಂದಿ ಸಾಯಿಲಕ್ಷ್ಮಿಯ ಕೈಯಿಂದ ಉಣ್ಣುತ್ತಿರುವುದನ್ನು ಕಂಡು ಅವನಿಗೆ ಎದೆಯ ಭಾರ ಇಳಿಯಿತು.

"ಒಳ್ಳೇದಾಯ್ತಮ್ಮ! ಇನ್ನು ಇಲ್ಲೇ ಇರುತ್ತೆ. ಹೊರಡೋಣ್ವಾ?"

ಕಾಳಮ್ಮ ಬೇವಿನ ಮರದ ಕೆಳಗೆ ಕೂತಿದ್ದರು. ಬೂಂದಿ ಉಂಡು ಬಂದು ಅವರ ಪಾದದ ಮೇಲೆ ಗದ್ದ ಊರಿ ಮಲಗಿತು.

"ಬೂಂದಿ ಕಲಿತ್ಲು ಕಣೋ," ಎಂದರು. "ಇವರೂ ಒಳ್ಳೇ ಜನ. ಅವಳು ಇಲ್ಲಿ ಬದುಕ್ತಾಳೆ. ನಾನು ಕಲೀಲಿಲ್ಲ. ಮಧ್ಯಾಹ್ನ ಎರಡನೇ ತುತ್ತು ಮುರಿದ್ರೆ ನನ್ನ ಕೈ ಎತ್ಲಾಗ್ ಹೋಗ್ಬೇಕು ಹೇಳು? ಆ ನಾಲ್ಕನೇ ಮಹಡೀಲಿ ನಾನು ಯಾರ ಕೂಡೆ ಮಾತಾಡ್ಲಿ? ನೀನು ಬ್ಯಾಂಕಿಗೆ ಹೋಯ್ತೀಯ, ಕಮಲಾ ಕೆಲಸಕ್ಕೆ ಹೋಯ್ತಾಳೆ. ನಂಗೆ ಉಪ್ಪಿಟ್ಟು ತಿಂದು ತಿಂದು ಸಾಕಾಗೈತೆ."

ಉಮಾಪತಿ ತಾಯಿಯ ಕೈ ನೋಡಿದ. ಅವರೂ ಇಳಿದುಹೋಗಿದ್ದರು. ಇಷ್ಟು ದಿನ ಅದು ಅವನ ಕಣ್ಣಿಗೆ ಬಿದ್ದಿರಲೇ ಇಲ್ಲ. ನಾಯಿ ಉಣ್ಣುತ್ತಿಲ್ಲ ಎಂದು ಊರೆಲ್ಲ ಫೋನು ಮಾಡಿದವನು, ಅಮ್ಮ ಮುದ್ದೆ ಬಿಟ್ಟದ್ದನ್ನು ಕೇಳಿರಲಿಲ್ಲ.

ಅವನು ಅಂಗಳದ ಆ ತುದಿಗೆ ಹೋಗಿ ಫಣಿಗೆ ಫೋನು ಮಾಡಿದ. "ಫಣಿ, ಬೇರೆ ಮನೆ ನೋಡಪ್ಪ. ದೂರ ಆದ್ರೂ ಪರವಾಗಿಲ್ಲ, ಹಳೇದಾದ್ರೂ ಪರವಾಗಿಲ್ಲ. ಮೊದಲ್ನೇ ಮಾತಲ್ಲೇ ಹೇಳು, ನಮ್ಮನೇಲಿ ಐದು ಜನ ಅಂತ."

ವಿಜಯವಾಡದ ಪಟಮಟದಲ್ಲಿ ನೆಲಮಹಡಿಯ ಮನೆ ಸಿಕ್ಕಿತು. ಅಡುಗೆಮನೆ ಇಕ್ಕಟ್ಟು, ಬ್ಯಾಂಕು ದೂರ, ಆದರೆ ಓನರು ಒಪ್ಪಿದರು. ಲಕ್ಷ್ಮೀಪ್ರಸನ್ನ ಹೇಳಿದ್ದ ಹಾಗೆ ಹೊರಡುವ ಮೊದಲು ಬೂಂದಿಗೆ ಹೊಟ್ಟೆ ತುಂಬ ಉಣಿಸಲಿಲ್ಲ. ಕಾರಿನ ಕಿಟಕಿ ಪೂರ್ತಿ ಇಳಿಸಲಿಲ್ಲ. ನಡುನಡುವೆ ನಿಲ್ಲಿಸಿ, ಬೆಲ್ಟು ಹಾಕಿ ಇಳಿಸಿ, ನೀರು ಕುಡಿಸಿದರು. ಬೆಲ್ಟಿಗೆ ಉಮಾಪತಿಯ ಫೋನ್ ನಂಬರಿನ ಬಿಲ್ಲೆ ಕಟ್ಟಿದರು. ಹಿಂದಿನ ಸೀಟಿನಲ್ಲಿ ಹಾಸಿದ್ದು ಕಾಳಮ್ಮ ಹಿಂದಿನ ದಿನ ಉಟ್ಟಿದ್ದ, ಒಗೆಯದ ಸೀರೆ.

ಪಟಮಟದಲ್ಲಿ ಮೊದಲ ಬೆಳಿಗ್ಗೆ ಕಾಳಮ್ಮ ಬೂಂದಿಯನ್ನು ಹಿಡಿದುಕೊಂಡು, ಕೊಳೆ ತೆಗೆಯಲು ಹಳೆಯ ಪೇಪರು ಕಂಕುಳಲ್ಲಿಟ್ಟುಕೊಂಡು ರಸ್ತೆಗೆ ಬಂದರು. ರಂಗೋಲಿ ಹಾಕುತ್ತಿದ್ದ ಪಕ್ಕದ ಮನೆಯಾಕೆ ತಲೆ ಎತ್ತಿ, "ಈ ಕುಕ್ಕ ಎವರಿದಿ ಅಮ್ಮಾ?" ಎಂದು ಕೇಳಿದಳು. ಈ ನಾಯಿ ಯಾರದು?

ಗೇಟಿನಲ್ಲಿ ನಿಂತಿದ್ದ ತನುಶ್ರೀ ಉತ್ತರ ಕೊಡಲು ಬಾಯಿ ತೆರೆದಳು. ಅಷ್ಟರಲ್ಲಿ ಕಾಳಮ್ಮನೇ ಹೇಳಿಬಿಟ್ಟರು, ಇಡೀ ಬೀದಿಗೆ ಕೇಳುವ ಹಾಗೆ.

"ನಾದೇ!"

ನನ್ನದೇ. ಅದಕ್ಕಿಂತ ಹೆಚ್ಚಿನ ತೆಲುಗು ಅವತ್ತು ಅವರಿಗೆ ಬೇಕಾಗಲಿಲ್ಲ.

ಅಮ್ಮಂದಿರೇ, ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಗೂ ಇಂದಲ್ಲ ನಾಳೆ ವರ್ಗಾವಣೆಯ ಆದೇಶ ಬರುತ್ತದೆ. ಅವತ್ತು ಹೊಸ ಊರಿನಲ್ಲಿ ಮನೆ ಕೇಳುವಾಗ ನೀರು, ಗಾಳಿ, ಸ್ಕೂಲಿನ ಜೊತೆಗೆ ನಾಯಿಯ ಮಾತನ್ನೂ ಮೊದಲೇ ಕೇಳಿ. ರೈಲಿನಲ್ಲಿ ಹೋಗುವವರು ನಾಯಿಗೂ ಬುಕ್ ಮಾಡುವ ಏರ್ಪಾಡು ಏನಿದೆ ಎಂದು ಸ್ಟೇಷನ್ನಿನಲ್ಲಿ ಮುಂಚಿತವಾಗಿ ವಿಚಾರಿಸಿ. ಪ್ರತಿ ವರ್ಷ ತಪ್ಪದೆ ಲಸಿಕೆ ಹಾಕಿಸಿ, ಕಾರ್ಡು ಜೋಪಾನವಾಗಿಡಿ. ಮುದ್ದಿನ ನಾಯಿಯೇ ಆದರೂ ಹಲ್ಲೋ ಉಗುರೋ ತಗುಲಿ ಗಾಯವಾದರೆ ಹರಿಯುವ ನೀರಿನಲ್ಲಿ ಸೋಪು ಹಾಕಿ ಕಾಲು ಗಂಟೆ ತೊಳೆದು ಆಸ್ಪತ್ರೆಗೆ ಹೋಗಿ. ನಾಯಿ ಉಣ್ಣುವುದನ್ನು ಬಿಟ್ಟರೆ ಕಾಯಬೇಡಿ, ಡಾಕ್ಟರಿಗೆ ತೋರಿಸಿ.

ಏನು ಮಾಡಿದರೂ ಕರೆದುಕೊಂಡು ಹೋಗಲು ಆಗದವರೂ ಇರುತ್ತಾರೆ. ಅವರು ಅದನ್ನು ರಸ್ತೆಯಲ್ಲಿ ಬಿಡಬೇಡಿ. ಒಳ್ಳೆಯ ಮನೆ ಹುಡುಕಿ, ನಾಲ್ಕು ದಿನ ಜೊತೆಗಿದ್ದು, ಕೈಯಿಂದ ಕೈಗೆ ಒಪ್ಪಿಸಿ. ಅದನ್ನು ಹೇಗೆ ಮುದ್ದು ಮಾಡುತ್ತಿದ್ದಿರಿ ಎಂಬುದನ್ನೂ ನಾಚಿಕೊಳ್ಳದೆ ಹೇಳಿ. ನೀವು ಹೇಳದೆ ಬಚ್ಚಿಟ್ಟ ಆ ಒಂದು ಮಾತಿಗಾಗಿ, ತುಂಬಿದ ತಟ್ಟೆಯ ಮುಂದೆ ಒಂದು ಜೀವ ಹಸಿದು ಕೂತಿರಬಹುದು.